ಇಮೇಲಿನ ಲಿಂಕ್ ತೆರೆಯದಿದ್ದಾಗ: ನೀರ್ಚಾಲಿನ ಮನೆಯಿಂದ ಮೂರು ಸಂಜೆಗಳ ಟಿಪ್ಪಣಿ

ಮೊದಲ ಸಂಜೆ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇಮೇಲಿನೊಳಗಿನ ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲವೆಂಬ ದೂರು ಒಂದು ವಾರದಿಂದ ಇತ್ತು. ಯಂತ್ರ ವಿಂಡೋಸ್ 10ರ ಕಾಲದ್ದು. ಅಂಚೆ ಓದುವುದು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ. ಗುಡುಗಿದಾಗಲೆಲ್ಲ ಮೋಡೆಮಿನ ತಂತಿ ಕಿತ್ತಿಡುವುದು ಇಲ್ಲಿಯ ಮಳೆಗಾಲದ ರೂಢಿಯಾದ್ದರಿಂದ ಮೊದಲ ಗುಮಾನಿ ಸಂಪರ್ಕದ ಮೇಲೆ ಹೋಯಿತು. ಆದರೆ ಅದೇ ವಿಳಾಸವನ್ನು ನಕಲಿಸಿ ಬ್ರೌಸರಿನಲ್ಲಿ ಅಂಟಿಸಿದರೆ ಪುಟ ತಕ್ಷಣ ತೆರೆಯಿತು.

ಆಗ ನೆನಪಾದದ್ದು, ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯ ಬ್ರೌಸರೊಂದನ್ನು ನಾನೇ ತೆಗೆದುಹಾಕಿದ್ದು. ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ಎಂದು ಹೋಗಿ, ಕೆಳಗೆ ಪ್ರೋಟೋಕಾಲ್‌ಗಳ, ಅಂದರೆ ಯಾವ ಬಗೆಯ ವಿಳಾಸವನ್ನು ಯಾವ ತಂತ್ರಾಂಶ ತೆರೆಯಬೇಕೆಂಬುದರ, ಪಟ್ಟಿಯನ್ನು ತೆರೆದಾಗ ಎಚ್‌ಟಿಟಿಪಿಎಸ್‌ನ ಎದುರು ಈಗಿನ ಬ್ರೌಸರ್ ಇತ್ತು, ಎಚ್‌ಟಿಟಿಪಿಯ ಎದುರಿನ ಜಾಗ ಮಾತ್ರ ಬರಿದಾಗಿತ್ತು. ತುಂಬಿಸಿದೆ.

ಎರಡನೆಯ ಸಂಜೆ

ತುಂಬಿಸಿದರೂ ಥಂಡರ್‌ಬರ್ಡ್ ಮಿಸುಕಲಿಲ್ಲ. ದೋಷ ವಿಂಡೋಸಿನದೋ ಅಂಚೆಯ ತಂತ್ರಾಂಶದ್ದೋ ಎಂದು ಬೇರ್ಪಡಿಸಲು ಸುಲಭದ ಒಂದು ಪರೀಕ್ಷೆಯಿದೆ: ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ, ಬರುವ ಪುಟ್ಟ ಪೆಟ್ಟಿಗೆಯಲ್ಲಿ ಪೂರ್ಣ ವಿಳಾಸವನ್ನು ಅಂಟಿಸಿ ಎಂಟರ್ ಕೊಡುವುದು. ಪುಟ ತೆರೆಯಿತು, ಎಂದರೆ ವಿಂಡೋಸ್ ಸರಿಯಾಗಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಥಂಡರ್‌ಬರ್ಡ್ ಯಾವ ಬಗೆಯ ಲಿಂಕನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಬಳಕೆದಾರರ ಪತ್ರ, ಸೆಟ್ಟಿಂಗ್‌ಗಳನ್ನಿಡುವ ತನ್ನ ಪ್ರೊಫೈಲ್ ಫೋಲ್ಡರಿನ ಹ್ಯಾಂಡ್ಲರ್ಸ್ ಡಾಟ್ ಜೇಸನ್ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೋಟ್‌ಪ್ಯಾಡಿನಲ್ಲಿ ಅದನ್ನು ತೆರೆದಾಗ, ನಾನು ಅಳಿಸಿದ ಬ್ರೌಸರಿನ ದಾರಿಯೇ ಅಲ್ಲಿ ಇನ್ನೂ ಕುಳಿತಿತ್ತು. ಬಾಡಿಗೆದಾರ ಹೋದ ಮನೆಗೆ ಪತ್ರ ಹಾಕಿದಂತೆ. ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ, ಆ ಹಳೆಯ ಕಡತ ಅದರ ಕಣ್ಣಿಗೆ ಬೀಳದಂತೆ, ಅಳಿಸದೆ ಹೆಸರನ್ನಷ್ಟೇ ಬದಲಿಸಿ ಮತ್ತೆ ತೆರೆದೆ. ಲಿಂಕ್‌ಗಳು ತೆರೆದವು.

ಮೂರನೆಯ ಸಂಜೆ

ಎಲ್ಲವೂ ಅಲ್ಲ. ಡೊಂಬಿವಲಿಯಲ್ಲಿರುವ ಸೋದರಳಿಯ ಕಳುಹಿಸಿದ ಕನ್ನಡ ವಿಕಿಪೀಡಿಯದ ‘ಕಾಸರಗೋಡು’ ಪುಟದ ಲಿಂಕ್ ಒತ್ತಿದರೆ ಅಂಥ ಪುಟವಿಲ್ಲವೆಂಬ ಉತ್ತರ. ಕಣ್ಣಿಟ್ಟು ನೋಡಿದರೆ ಮೇಲಿನ ಸಾಲು ಮಾತ್ರ ನೀಲಿ, ಅದರ ಬಾಲ ಕೆಳಗಿನ ಸಾಲಿನಲ್ಲಿ ಕಪ್ಪು.

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ ಭಾಗ ಇದೇ. ಯೂನಿಕೋಡ್ ಕನ್ನಡದ ಪ್ರತಿಯೊಂದು ಸಂಕೇತವೂ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬಿಡಿಸಿಕೊಳ್ಳುವುದರಿಂದ ಒಂದು ಸಂಕೇತಕ್ಕೆ 9 ಸ್ಥಾನ ಬೇಕು. ಗುಣಿತದ ಚಿಹ್ನೆಗಳನ್ನೂ ಸೇರಿಸಿದರೆ ‘ಕಾಸರಗೋಡು’ವಿನಲ್ಲಿ 8 ಸಂಕೇತಗಳಿವೆ, ಅಂದರೆ 72 ಸ್ಥಾನ, ವಿಳಾಸದ ಮುಂಭಾಗದ 30 ಸೇರಿ 102. ಇಮೇಲಿನ ಸಾಲು 78 ಸ್ಥಾನಗಳನ್ನು ಮೀರದಿರುವುದು ಲೇಸೆಂದು ಇಮೇಲಿನ ರೂಪವನ್ನು ನಿಗದಿಪಡಿಸುವ ದಾಖಲೆಯಾದ ಆರ್‌ಎಫ್‌ಸಿ 5322 ಹೇಳುತ್ತದೆ, ಕೆಲವು ತಂತ್ರಾಂಶಗಳು ಅದನ್ನು ಪಾಲಿಸಲು ಸಾಲನ್ನು ಕತ್ತರಿಸಿಬಿಡುತ್ತವೆ. 78ಕ್ಕೆ ಕತ್ತರಿಸಿದರೆ ಮೇಲೆ ಉಳಿಯುವುದು ‘ಕಾಸರಗ’ ಮತ್ತು ಓಕಾರದ ಮೂರನೆಯ ಒಂದು ಪಾಲು! ಅಂಥ ಊರು ಯಾವ ಜಿಲ್ಲೆಯಲ್ಲಿಯೂ ಇಲ್ಲ.

ಎರಡು ಸಾಲುಗಳನ್ನೂ ನೋಟ್‌ಪ್ಯಾಡಿಗೆ ತಂದು ನಡುವಿನ ಮುರಿತವನ್ನು ಅಳಿಸಿ ಅಂಟಿಸಿದಾಗ ಪುಟ ಬಂತು. ಮುಂದಕ್ಕೆ ಬರಿಯ ಪಠ್ಯದ ಬದಲು ಜಾಲಪುಟಗಳಂಥ ಎಚ್‌ಟಿಎಮ್‌ಎಲ್ ರೂಪದಲ್ಲಿ ಬರೆದು, ಯಾವುದಾದರೊಂದು ಪದಕ್ಕೆ ಲಿಂಕ್ ಕೊಟ್ಟು ಕಳುಹಿಸೆಂದು ಅಳಿಯನಿಗೆ ತಿಳಿಸಿದೆ. ಹಾಗೆ ಬಂದ ಪದದ ಮೇಲೆ ಬಾಣವನ್ನು ನಿಲ್ಲಿಸಿದರೆ ನಿಜವಾದ ವಿಳಾಸ ಕಿಟಕಿಯ ಅಡಿಯಲ್ಲಿ ಕಾಣುತ್ತದೆ. ಅಪರಿಚಿತರ ಪತ್ರವಾದರೆ ಅದನ್ನು ಓದದೆ ಒತ್ತಬಾರದೆಂದು ಮನೆಯವರಿಗೂ ಹೇಳಿಟ್ಟಿದ್ದೇನೆ.

ಬ್ರೌಸರಿನಲ್ಲಿ ಇಮೇಲ್ ವಿಳಾಸವನ್ನು ಒತ್ತಿದರೆ ಥಂಡರ್‌ಬರ್ಡ್ ಬದಲು ವಿಂಡೋಸಿನ ಮೇಲ್ ಆ್ಯಪ್ ತೆರೆಯುವ ದೋಷವನ್ನು ಸರಿಪಡಿಸುವುದು ಇನ್ನೂ ಬಾಕಿಯಿದೆ. ಅದೇ ಪ್ರೋಟೋಕಾಲ್ ಪಟ್ಟಿಯಲ್ಲಿ ಇಮೇಲ್ ವಿಳಾಸಗಳಿಗೆ ಮೀಸಲಾದ ಮೇಲ್‌ಟು ಸಾಲನ್ನು ಭಾನುವಾರ ನೋಡಬೇಕು.