ಚಿಮಣಿಯ ಬುಡದಲ್ಲಿ ನೀರು

ಅತ್ತೆಯವರ ಕೋಣೆಯ ಗೋಡೆಯಲ್ಲಿ ಪ್ರತಿ ಮಳೆಗಾಲ ಒಂದು ಕಂದು ಕಲೆ ಮೂಡುತ್ತಿತ್ತು. ಫೈರ್‌ಪ್ಲೇಸಿನ ಮೇಲೆ, ಮಾವನವರ ಫೋಟೊ ಪಕ್ಕದಲ್ಲೇ. ಜೂನ್ ಕೊನೆಗೆ ಅಂಗೈಯಷ್ಟು, ಕಕ್ಕಡದ (ಜುಲೈ-ಆಗಸ್ಟಿನ ಕೊಡಗಿನ ಮಳೆ ತಿಂಗಳು) ಹೊತ್ತಿಗೆ ಮೊರದಷ್ಟು. ಮುಟ್ಟಿದರೆ ಕೈಗೆ ಅಂಟು, ಮೂಸಿದರೆ ಹಳೆ ಹೊಗೆಯ ಘಾಟು. ಒಣಗಿದ ಮೇಲೆ ಸುಣ್ಣ ಬಳಿಯುತ್ತಿದ್ದೆವು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಬರುತ್ತಿತ್ತು.

ನಮ್ಮ ಮನೆ ಮಡಿಕೇರಿ ಹತ್ತಿರ, ಗಾಳಿಬೀಡು ಕಡೆ. ಮಡಿಕೇರಿಯಲ್ಲೇ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ತೋಟದವರು ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲೇ ಮಾತಾಡುವುದು, ಹಾಗಾಗಿ 120 ಇಂಚು ಅಂದರೆ ಇಲ್ಲಿ ಬೇಗ ಅರ್ಥವಾಗುತ್ತದೆ. ಅದೂ ನೇರವಾಗಿ ಸುರಿಯುವ ಮಳೆಯಲ್ಲ, ಪಶ್ಚಿಮದಿಂದ ಗಾಳಿ ಹೊತ್ತು ತಂದು ಅಡ್ಡ ಹೊಡೆಯುವ ಮಳೆ. ಗೋಡೆಗಳಿಗಾದರೆ ಸೂರಿನ ಆಸರೆ ಇದೆ. ಚಿಮಣಿ ಹೆಂಚಿನ ಮಾಡಿನ ಮೇಲೆ ಒಂಟಿಯಾಗಿ ನಿಂತು ನಾಲ್ಕೂ ಕಡೆಯಿಂದ ನೆನೆಯುತ್ತದೆ.

ಮೊದಲೆಲ್ಲ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ. ಮೇ ತಿಂಗಳಲ್ಲಿ ಯಾರನ್ನಾದರೂ ಹತ್ತಿಸಿ, ಚಿಮಣಿ ಮತ್ತು ಹೆಂಚು ಸೇರುವ ಸಂದಿಗೆ ಸಿಮೆಂಟು ಮೆತ್ತಿಸುವುದು. ಎರಡು ಮಳೆಗೆ ಅದು ಬಿರುಕು ಬಿಡುತ್ತಿತ್ತು. ಆಮೇಲೆ ಒಬ್ಬ ಕಂಟ್ರಾಕ್ಟರು ಬಂದು, ಇಡೀ ಚಿಮಣಿಗೆ ರಬ್ಬರಿನಂಥ ವಾಟರ್‌ಪ್ರೂಫ್ ಪೇಂಟು ಹೊಡೆದರೆ ಹತ್ತು ವರ್ಷ ನೋಡಬೇಕಾಗಿಲ್ಲ ಅಂದರು. ನಂಬಿದೆವು. ಎರಡನೇ ಬೇಸಿಗೆಗೆ ಪೇಂಟು ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಯನ್ನು ಉಗುರಲ್ಲಿ ಎಬ್ಬಿಸಿದೆ. ಪೇಂಟಿನ ಜೊತೆ ಇಟ್ಟಿಗೆಯ ಮೈಯೂ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಬಿಳಿ ಉಪ್ಪಿನ ಪುಡಿ. ಅದನ್ನು ನೋಡಿ ನನಗೆ ನಿಜವಾಗಿ ಅಳು ಬಂತು. ಅಜ್ಜನ ಕಾಲದ ಇಟ್ಟಿಗೆ ಅದು.

ಈಗ ಅದರ ಕಾರಣ ಗೊತ್ತು. ಇಟ್ಟಿಗೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ನೀರು ಮೇಲಿನಿಂದ, ಸಂದಿನಿಂದ ಹೇಗೋ ಒಳಗೆ ಹೋಗೇ ಹೋಗುತ್ತದೆ. ಹೊರಗೆ ರಬ್ಬರಿನ ಚರ್ಮ ಹೊದಿಸಿದರೆ ಅದಕ್ಕೆ ಆಚೆ ಬರಲು ದಾರಿಯೇ ಇಲ್ಲ. ಮಸಿಯಲ್ಲಿರುವ ಉಪ್ಪು ಆ ನೀರಿನಲ್ಲಿ ಕರಗಿ, ಚರ್ಮದ ಹಿಂದೆ ಹರಳುಗಟ್ಟಿ, ಇಟ್ಟಿಗೆಯನ್ನು ಒಳಗಿಂದಲೇ ಸಿಪ್ಪೆ ಎಬ್ಬಿಸುತ್ತದೆ. ಚಳಿ ದೇಶಗಳಲ್ಲಿ ಹಿಮ ಮಾಡುವ ಹಾಳನ್ನು ನಮ್ಮಲ್ಲಿ ಉಪ್ಪು ಮಾಡುತ್ತದೆ.

ಹೋದ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಒಬ್ಬ ಹಳೇ ಮೇಸ್ತ್ರಿ ಸಿಕ್ಕಿದರು. ಬಂದವರು ಸಿಮೆಂಟು ಎಷ್ಟು ಚೀಲ ಅನ್ನಲಿಲ್ಲ. "ಅಕ್ಕಾ, ನೀರು ಎಲ್ಲಿಂದ ಬರ್ತದೆ ಅಂತ ಮೊದಲು ನೋಡುವ. ಪೈಪ್ ಉಂಟಾ?" ಅಂದರು.

ಅವರು ಪೈಪು ಹಿಡಿದು ಮಾಡು ಹತ್ತಿದರು. ನಾನು ಟಾರ್ಚು ಹಿಡಿದು ಅಟ್ಟದಲ್ಲಿ ಕೂತೆ. ಮೊದಲು ಚಿಮಣಿಗಿಂತ ಕೆಳಗಿನ ಹೆಂಚಿಗೆ ನೀರು ಬಿಟ್ಟರು. ಕಾಲು ಗಂಟೆ ಕಾದೆವು. ಏನೂ ಇಲ್ಲ. ಆಮೇಲೆ ಬುಡದ ಮುಂಭಾಗ, ಆಮೇಲೆ ಎರಡು ಪಕ್ಕ. ಯಾವಾಗಲೂ ಕೆಳಗಿಂದ ಮೇಲೆ ಹೋಗಬೇಕು. ಮೊದಲೇ ತುದಿಗೆ ಬಿಟ್ಟರೆ ನೀರು ಎಲ್ಲ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ಕೊನೆಗೆ ಬುಡದ ಹಿಂಭಾಗಕ್ಕೆ, ಅಂದರೆ ಮಾಡಿನ ಇಳಿಜಾರಿನ ನೀರೆಲ್ಲ ಬಂದು ಚಿಮಣಿಗೆ ಬಡಿಯುವ ಕಡೆಗೆ, ಪೈಪು ತಿರುಗಿಸಿದರು. ಐದು ನಿಮಿಷ ಆಗಿರಬಹುದು. ಹೆಂಚು ಹೊರುವ ಮರದ ಪಕಾಸಿನ ಅಡಿಯಲ್ಲಿ ಒಂದು ಹನಿ ಟಾರ್ಚಿನ ಬೆಳಕಿಗೆ ಹೊಳೆಯಿತು. ಅದು ಅಲ್ಲೇ ಬೀಳಲಿಲ್ಲ. ಮರ ಹಿಡಿದುಕೊಂಡು ಮೆಲ್ಲಗೆ ಜಾರಿ, ಮೂರು ಅಡಿ ಆಚೆ ಹೋಗಿ, ಸರಿಯಾಗಿ ಆ ಕಂದು ಕಲೆಯ ನೆತ್ತಿಗೆ ಇಳಿಯಿತು. ಇಷ್ಟು ವರ್ಷ ನಾವು ಕಲೆಯ ನೇರಕ್ಕೆ ಮೇಲೆ ಹುಡುಕುತ್ತಿದ್ದೆವು!

ಹಿಂಭಾಗದಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಗೊಬ್ಬರವಾಗಿತ್ತು. ಸಿಮೆಂಟಿನ ಬಿರುಕಿನಲ್ಲಿ ಒಂದು ಬಸರಿ ಗಿಡ ಬೇರು ಬಿಟ್ಟಿತ್ತು.

ಸಿಮೆಂಟು ಯಾಕೆ ನಿಲ್ಲುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದು ಇದು. ಮಾಡಿನ ಮರ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಚಿಮಣಿ ನೆಲದಿಂದ ಎದ್ದದ್ದು, ಅದು ಅಲ್ಲಾಡುವುದಿಲ್ಲ. ಅಲ್ಲಾಡುವುದನ್ನೂ ಅಲ್ಲಾಡದ್ದನ್ನೂ ಗಟ್ಟಿಯಾಗಿ ಅಂಟಿಸಿದರೆ ನಡುವಿನದ್ದು ಒಡೆಯಲೇಬೇಕು, ಅಲ್ವಾ? ಅದಕ್ಕೆ ಆ ಸಂದಿಗೆ ಸಿಮೆಂಟಿನ ಬದಲು ತಗಡು, ಅದೂ ಎರಡು ತುಂಡಾಗಿ ಬೇಕು. ಒಂದು ಮಾಡಿನ ಕಡೆಗೆ ಸೇರಿದ್ದು, ಹೆಂಚಿನ ಮೇಲಿಂದ ಬಂದು ಚಿಮಣಿಯ ಮೈಗೆ ಒರಗಿ ಅರ್ಧ ಅಡಿ ಮೇಲೇಳುತ್ತದೆ. ಇನ್ನೊಂದನ್ನು ಇಟ್ಟಿಗೆಯ ಸಂದಿನೊಳಗೆ ಒಂದಿಂಚು ತೂರಿಸಿ, ಮೊದಲನೆಯದರ ಮೇಲೆ ಸೆರಗಿನ ಹಾಗೆ ಇಳಿಬಿಡುವುದು. ಎರಡಕ್ಕೂ ನಡುವೆ ಮೊಳೆ ಇಲ್ಲ, ಅಂಟು ಇಲ್ಲ. ಮಾಡು ಸರಿದಾಡಿದರೂ ಮೇಲಿನ ಸೆರಗು ನೀರನ್ನು ಆಚೆ ಹಾಕುತ್ತದೆ. ನಾವು ಹಾಕಿದ್ದು ಅಲ್ಯೂಮಿನಿಯಂ. ಹಸಿ ಸುಣ್ಣ, ಸಿಮೆಂಟು ಅದನ್ನು ತಿನ್ನುತ್ತವೆ, ಅದಕ್ಕೇ ಸಂದಿನೊಳಗೆ ಹೋಗುವ ಅಂಚಿಗೆ ಡಾಂಬರು ಬಳಿದೆವು. ನಮ್ಮ ಚಿಮಣಿ ಮೂರು ಅಡಿ ಅಗಲ, ಆದ್ದರಿಂದ ಹಿಂಭಾಗದಲ್ಲಿ ಎರಡು ಕಡೆ ಇಳಿಜಾರಿರುವ ಪುಟ್ಟ ಮಾಡನ್ನೇ ಕಟ್ಟಿದರು. ಈಗ ನೀರೂ ಎಲೆಯೂ ಅಲ್ಲಿ ನಿಲ್ಲದೆ ಪಕ್ಕಕ್ಕೆ ಹೋಗುತ್ತವೆ.

ಇಟ್ಟಿಗೆ ಸಂದುಗಳ ಸಿಮೆಂಟನ್ನು ಉಳಿ ಸುತ್ತಿಗೆಯಿಂದಲೇ ಬಿಡಿಸಿದರು. ಗ್ರೈಂಡರು ಹಚ್ಚಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಸಿಪ್ಪೆ ಎದ್ದ ಹನ್ನೊಂದು ಇಟ್ಟಿಗೆ ತೆಗೆದು, ಹಿತ್ತಲಲ್ಲಿ ಬಿದ್ದಿದ್ದ ಹಳೆ ಇಟ್ಟಿಗೆ ಕೂರಿಸಿದರು. ಸಂದಿಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವುದು, ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ. ಒಂದು ವಾರ ಒದ್ದೆ ಗೋಣಿ ಹೊದಿಸಿ ಇಟ್ಟೆವು. ಹಾಗಾಗಿ ಈ ಕೆಲಸ ಮೇ ಕೊನೆಗೆ ಹಿಡಿಯಬೇಡಿ, ದಯವಿಟ್ಟು. ಜನವರಿ, ಫೆಬ್ರವರಿಯಲ್ಲೇ ಮುಗಿಸಿ.

ತುದಿಯ ಹಲಗೆಗಲ್ಲಿನಂಥ ಕಾಂಕ್ರೀಟನ್ನೂ ಹೊಸದಾಗಿ ಹಾಕಿದರು, ಸುತ್ತಲೂ ಎರಡು ಇಂಚು ಆಚೆ ಚಾಚಿ. ಅದರ ಅಡಿಯಲ್ಲಿ, ಅಂಚಿನಿಂದ ಒಂದಿಂಚು ಒಳಗೆ, ಬೆರಳಿನಷ್ಟು ಅಗಲದ ಒಂದು ಗೀರು. ನನಗೆ ತುಂಬ ಇಷ್ಟವಾದದ್ದು ಇದೇ. ಅಂಚಿನಿಂದ ಇಳಿದ ನೀರು ಅಡಿಯನ್ನೇ ಹಿಡಿದು ಒಳಮುಖವಾಗಿ ತೆವಳಿ ಇಟ್ಟಿಗೆಗೆ ಬರುತ್ತದೆ. ಗೀರಿನ ಹತ್ತಿರ ಬಂದಾಗ ದಾಟಲಾರದೆ ತೊಟ್ಟಿಕ್ಕಿಬಿಡುತ್ತದೆ. ಮೇಲೆ ನಾಲ್ಕು ಕಾಲಿನ ತಗಡಿನ ಟೋಪಿ. ಕಾಲು ತುಂಬ ಗಿಡ್ಡ ಮಾಡಿದರೆ ಹೊಗೆ ಕೋಣೆಗೆ ವಾಪಸು ಬರುತ್ತದೆ.

ವಿರಾಜಪೇಟೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಈಗ ಬೆಂಕಿ ಹಾಕುವುದಿಲ್ಲ ಅಂತ ಚಿಮಣಿಯ ಬಾಯಿಗೆ ಸ್ಲ್ಯಾಬು ಹಾಕಿ ಮುಚ್ಚಿದ್ದರು. ಸೋರದಿದ್ದರೂ ಗೋಡೆ ಬೂಸ್ಟು ಹಿಡಿಯಿತು. ಒಳಗಿನ ತೇವದ ಗಾಳಿ ಹೋಗುವುದಾದರೂ ಎಲ್ಲಿಗೆ? ಬಳಸದ ಚಿಮಣಿಗೂ ಮೇಲೆ ಟೋಪಿಯಡಿ, ಕೆಳಗೆ ಕೋಣೆಯಲ್ಲಿ ಗಾಳಿಗೆ ಸ್ವಲ್ಪ ಜಾಗ ಬಿಡಬೇಕು.

ಹಸಿ ಸೌದೆಯನ್ನೂ ನಿಲ್ಲಿಸಿದ್ದೇವೆ. ಗೋಡೆಯ ಆ ಅಂಟು, ಆ ಘಾಟು ಬಂದದ್ದು ಅದರ ಹೊಗೆಯಿಂದ. ಒಳಗೆ ಟಾರಿನಂತೆ ಕಟ್ಟಿಕೊಂಡದ್ದು ಮಳೆ ನೀರಿಗೆ ಕರಗಿ ಇಳಿಯುತ್ತಿತ್ತು. ಜಾಸ್ತಿ ಕಟ್ಟಿದರೆ ಚಿಮಣಿಗೇ ಬೆಂಕಿ ಹತ್ತುವ ಭಯವೂ ಇದೆ. ಈಗ ಕಾಫಿ ಸೌದೆ ಒಂದು ಪೂರ್ತಿ ಬೇಸಿಗೆ ಒಣಗಿದ ಮೇಲೆಯೇ ಒಳಗೆ ಬರುವುದು.

ಈ ಜುಲೈಯಲ್ಲಿ ಒಂದೇ ದಿನ ಆರು ಇಂಚು ಹೊಡೆದ ರಾತ್ರಿ ಅತ್ತೆ ನನ್ನನ್ನು ಕರೆದು, ಗೋಡೆಗೆ ಅಂಗೈ ಇಟ್ಟು ತೋರಿಸಿದರು. "ಬೆಚ್ಚಗೆ ಉಂಟು ನೋಡು" ಅಂದರು.

ಅಡುಗೆಮನೆಯ ಚಿಮಣಿ ಇನ್ನೂ ಬಾಕಿ. ಅದಕ್ಕೆ ಅರಳಿಸಿದ ಸುಣ್ಣ ಕೊಟ್ಟಿಗೆಯ ಡ್ರಮ್ಮಿನಲ್ಲಿ ನೀರಿನಡಿ ಕೂತಿದೆ. ಕೊಯ್ಲು ಮುಗಿಯುತ್ತಲೇ ಬರುತ್ತೇನೆ ಅಂದಿದ್ದಾರೆ ಮೇಸ್ತ್ರಿ.