ಟೆನ್ಷನ್ ಮಾಡ್ಕೊಂಡೇ ಅಲ್ವಾ ಹಾರ್ಟ್ ವೀಕ್ ಆಗಿದ್ದು?

ಅಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಹೇಳಿಕೊಡುವವಳು ಅಂತ ಗೊತ್ತಾದ ಕೂಡಲೇ ಮುಂದಿನ ಮಾತು ಬಂದೇ ಬರುತ್ತದೆ: "ಹಾರ್ಟ್ ಫೇಲ್ಯೂರ್‌ನಲ್ಲಿ ಮೆದುಳಿನ ಕೈವಾಡ ಇದೆ ಅಂತ ನೀವೇ ಹೇಳಿದ್ರಲ್ಲ ಮೇಡಂ?" ಹೇಳಿದ್ದೆ. ಫೇಲ್ಯೂರ್ ಅಂದರೆ ಹೃದಯ ನಿಲ್ಲುವುದಲ್ಲ, ಸೋತು ಸಾಕಷ್ಟು ರಕ್ತ ಪಂಪ್ ಮಾಡದಿರುವುದು. ಅದರಲ್ಲಿ ಮೆದುಳು ಅಂದಿದ್ದೆ, ಮಗಳ ಮದುವೆ ಚಿಂತೆ ಅಂದಿರಲಿಲ್ಲ. (ಟಾಕೊತ್ಸುಬೊ, ಅಂದರೆ ದೊಡ್ಡ ಆಘಾತಕ್ಕೆ ಹೃದಯ ತಾತ್ಕಾಲಿಕವಾಗಿ ಸೋಲುವ ಕಾಯಿಲೆ, ಅಂತ ಗೂಗಲ್ ಮಾಡಿಕೊಂಡು ಜಗಳಕ್ಕೆ ಬರಬೇಡಿ. ಅದು ಬೇರೆ ಕಥೆ.)

ದಾವಣಗೆರೆಯಲ್ಲೊಂದು ಗೃಹಪ್ರವೇಶ, ಏಪ್ರಿಲ್ ತಿಂಗಳು. ಹಾರ್ಟ್ ಅಟ್ಯಾಕ್ ಆದಮೇಲೆ ಪಂಪಿಂಗ್ 25 ಪರ್ಸೆಂಟಿಗೆ ಇಳಿದಿದ್ದ ಚಿಕ್ಕಪ್ಪನ ಸುತ್ತ ನೆಂಟರು. ಬಂದವರೆಲ್ಲ "ಯೋಚನೆ ಹಚ್ಕೊಂಡು ಹೀಗಾಗಿದ್ದು, ಬಿಟ್ಟುಬಿಡಿ" ಅಂತ ಉಪದೇಶ ಮಾಡಿ ಹೋಳಿಗೆಯತ್ತ ಹೋಗುತ್ತಿದ್ದರು. ಚಿಕ್ಕಪ್ಪ ತಪ್ಪಿತಸ್ಥರ ಹಾಗೆ ತಲೆಯಾಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಕೈ ಹಿಡಿದೆ. ಆ ಸೆಕೆಯಲ್ಲೂ ಬೆರಳು ತಣ್ಣಗೆ. ಸುಮ್ಮನೆ ಕೂತಿದ್ದರೂ ನಾಡಿ ನೂರರ ಮೇಲೆ. ಆ ತಣ್ಣನೆಯ ಬೆರಳಲ್ಲೇ ಉತ್ತರವಿತ್ತು, ಕೇಳುವವರಿಗೆ ಪುರುಸೊತ್ತಿರಲಿಲ್ಲ.

ಹೃದಯ ಸೋತಾಗ ಕತ್ತಿನ ಮತ್ತು ಎದೆಯ ದೊಡ್ಡ ರಕ್ತನಾಳಗಳಿಂದ ಮೆದುಳಿನ ಕಾಂಡಕ್ಕೆ (ಬೆನ್ನುಹುರಿಗೆ ಸೇರುವ ಬುಡದ ಭಾಗ) ಹೋಗುವ ಒತ್ತಡದ ವರದಿ ಮಂಕಾಗುತ್ತದೆ. ಪಂಪು ಕೆಟ್ಟಿದೆಯೋ, ರಕ್ತ ಸೋರುತ್ತಿದೆಯೋ, ಆ ಕಾಂಡಕ್ಕೆ ವ್ಯತ್ಯಾಸ ತಿಳಿಯದು. ರಕ್ತ ಸೋರುವಾಗ ಮಾಡುವುದನ್ನೇ ಮಾಡುತ್ತದೆ: ತುರ್ತಿನ ಆಜ್ಞೆ ಒಯ್ಯುವ ಸಿಂಪಥೆಟಿಕ್ ನರಗಳ ಮೂಲಕ ಚರ್ಮದ, ಕಿಡ್ನಿಯ ರಕ್ತನಾಳ ಬಿಗಿಸು, ಉಪ್ಪು, ನೀರು ಹಿಡಿದಿಡು, ಹೃದಯವನ್ನು ಓಡಿಸು. ಗಾಯವಾದಾಗ ಒಂದೆರಡು ಗಂಟೆಗೆ ಇದು ಜೀವ ಉಳಿಸುತ್ತದೆ. ವರ್ಷಗಟ್ಟಲೆ ನಡೆದರೆ ಬಡಕಲು ಎತ್ತಿಗೆ ಬಾರುಕೋಲು.

ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಗಿದ ಕಿಡ್ನಿ ರೆನಿನ್ ಅನ್ನುವ ಕಿಣ್ವ ಬಿಡುತ್ತದೆ, ಅದರಿಂದ ರಕ್ತನಾಳ ಬಿಗಿಸುವ ಹಾರ್ಮೋನ್ ಆಂಜಿಯೊಟೆನ್ಸಿನ್ ಹುಟ್ಟುತ್ತದೆ. ರಕ್ತದ ವಸ್ತುಗಳಿಗೆ ಮೆದುಳು ಸುಲಭಕ್ಕೆ ಬಾಗಿಲು ತೆರೆಯುವುದಿಲ್ಲ, ಆದರೆ ತಡೆಗೋಡೆಯಿಲ್ಲದ ಒಂದೆರಡು ಕಡೆ ಆಂಜಿಯೊಟೆನ್ಸಿನ್ ಮುಟ್ಟಿ, ಹೈಪೊಥಾಲಮಸ್‌ನ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್‌ಗೆ (ಮೆದುಳಿನ ಆಳದಲ್ಲಿ ಸಿಂಪಥೆಟಿಕ್ ನರಗಳನ್ನು ಹತೋಟಿಯಲ್ಲಿಡುವ ಒಂದು ಕೇಂದ್ರ) ಸುದ್ದಿ ತಲುಪಿಸುತ್ತದೆ. ಹೃದಯ ಸೋತ ಇಲಿಗಳಲ್ಲಿ ನೋಡಿದರೆ ಅಲ್ಲಿ ಉದ್ರೇಕಿಸುವ ಗ್ಲುಟಮೇಟ್ ಜೋರಾಗಿ, ತಡೆಹಿಡಿಯುವ ಗಾಬಾ, ನೈಟ್ರಿಕ್ ಆಕ್ಸೈಡ್ ಎರಡೂ ಸೊರಗಿರುತ್ತವೆ. ಅಲ್ಲಿಂದ ಮತ್ತೆ ಕಾಂಡ, ಬೆನ್ನುಹುರಿ, ನರ, ಕಿಡ್ನಿ. ಸುತ್ತು ಮುಗಿಯುವುದೇ ಇಲ್ಲ.

ಇದನ್ನು ಕಿವಿಯಿಂದಲೇ ಕೇಳಬಹುದು. ಮೊಣಕಾಲಿನ ಪಕ್ಕದ ನರಕ್ಕೆ ಕೂದಲಿನಷ್ಟು ಸಪೂರದ ಟಂಗ್‌ಸ್ಟನ್ ಸೂಜಿ ಚುಚ್ಚಿ ಸ್ಪೀಕರಿಗೆ ಜೋಡಿಸುತ್ತಾರೆ. ಆರೋಗ್ಯವಂತರಲ್ಲಿ ಆಗೊಮ್ಮೆ ಈಗೊಮ್ಮೆ ಬುಸ್ ಅನ್ನುವ ನರ, ತೀವ್ರ ಫೇಲ್ಯೂರ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಬಡಿತಕ್ಕೂ ಬುಸುಗುಡುತ್ತದೆ. ಈ ನರಗಳು ಬಿಡುವ ರಾಸಾಯನಿಕ ನಾರ್‌ಅಡ್ರಿನಲಿನ್ ಇಂಥ ರೋಗಿಗಳ ರಕ್ತದಲ್ಲಿ ಹೆಚ್ಚಿದ್ದಷ್ಟೂ ಆಯುಸ್ಸು ಕಡಿಮೆ ಎಂದು ಅಮೆರಿಕದ ಹೃದಯತಜ್ಞ ಜೇ ಕೋನ್ ತಂಡ 1984ರಲ್ಲೇ ತೋರಿಸಿತ್ತು. ಈಗ ಹೇಳಿ, ಇದರಲ್ಲಿ ಚಿಕ್ಕಪ್ಪ ಬಿಟ್ಟುಬಿಡಬೇಕಾದ ಯೋಚನೆ ಯಾವುದು?

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ತಪ್ಪು ಆಜ್ಞೆ ಮೆದುಳಿನಿಂದ ಹೊರಡುತ್ತಿದ್ದರೆ ಅಲ್ಲೇ ಯಾಕೆ ಬಾಯಿ ಮುಚ್ಚಿಸಬಾರದು? ಮುಚ್ಚಿಸಿ ನೋಡಿದ್ದಾರೆ. ಮಾಕ್ಸೊನಿಡಿನ್ ಅಂತ ಬಿಪಿ ಮಾತ್ರೆ, ಮೆದುಳಿನ ಕಾಂಡದಲ್ಲೇ ಕೆಲಸ ಮಾಡುತ್ತದೆ. ಅದನ್ನು ಕೊಟ್ಟ ಫೇಲ್ಯೂರ್ ರೋಗಿಗಳಲ್ಲಿ ನಾರ್‌ಅಡ್ರಿನಲಿನ್ ಇಳಿಯಿತು, ಸಾವು ಹೆಚ್ಚಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು, ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅದೇ ಆಜ್ಞೆಯನ್ನು ಹೃದಯಕ್ಕೆ ತಲುಪುವ ಕಡೆ ತಡೆಯುವ ಬೀಟಾ ಬ್ಲಾಕರ್ ಮಾತ್ರ ಗೆದ್ದಿತು. ಸ್ವೀಡನ್ನಿನ ಗೊಟೆನ್‌ಬರ್ಗ್‌ನ ವೈದ್ಯರು 1975ರಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ರೋಗಿಗಳ ವರದಿ ಬರೆದಾಗ ನಂಬಿದವರು ಕಡಿಮೆ. 1999ರ ಎರಡು ದೊಡ್ಡ ಪ್ರಯೋಗಗಳಲ್ಲಿ ಸಾವು ಮೂರನೇ ಒಂದರಷ್ಟು ಇಳಿಯಿತು.

ಮಾಕ್ಸೊನಿಡಿನ್ ಡೋಸ್ ಅತಿಯಾಯಿತು, ಬೇಗ ಏರಿಸಿದರು ಅನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಬಿಸೊಪ್ರೊಲಾಲ್ ಅನ್ನುವ ಬೀಟಾ ಬ್ಲಾಕರ್ ಆದರೆ 1.25 ಮಿಲಿಗ್ರಾಂನಿಂದ ಶುರುಮಾಡಿ ವಾರಗಟ್ಟಲೆ ಕಾದು ಏರಿಸುತ್ತಾರೆ. ಅಷ್ಟೇ ನಿಧಾನವಾಗಿ ಮೆದುಳಿನಲ್ಲೇ ತಡೆದಿದ್ದರೆ ಏನಾಗುತ್ತಿತ್ತು ಅಂತ ಯಾರಾದರೂ ಕೇಳಿ, ಹೋಳಿಗೆ ಆರಿಹೋದರೂ ಪರವಾಗಿಲ್ಲ, ಕೂತು ಮಾತಾಡುತ್ತೇನೆ.