ಮಂಡಿಯೊಳಗೊಂದು ಕ್ಯಾಮೆರಾ

ತಮ್ಮನ ಮಂಡಿಯೊಳಗಿನ ವಿಡಿಯೋವನ್ನು ಮನೆಮಂದಿಯೆಲ್ಲಾ ಕೂತು ನೋಡಿದೆವು. ಕಬಡ್ಡಿ ಆಡುವಾಗ ಕಾಲು ತಿರುಚಿ ಮಿನಿಸ್ಕಸ್, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆ, ಹರಿದಿತ್ತು. ಮಂಡಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು, ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಆರ್ತ್ರೋಸ್ಕೋಪಿ ಮಾಡಿದರು. ಮಂಡಿಚಿಪ್ಪಿನ ಕೆಳಗೆ ಎರಡೂ ಬದಿಗೆ ಒಂದೊಂದು ಪುಟ್ಟ ತೂತು. ಒಂದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ, ಇನ್ನೊಂದರಲ್ಲಿ ಕತ್ತರಿಸುವ ಉಪಕರಣ. ಚೆನ್ನಾಗಿ ಕಾಣಲಿ ಅಂತ ಒಳಗೆ ಸಲೈನ್ ನೀರು ತುಂಬಿಸಿರುತ್ತಾರೆ. ಹರಿದ ತುದಿ ಆ ನೀರಲ್ಲಿ ಪಾಚಿಯ ಹಾಗೆ ತೇಲಾಡುತ್ತಿತ್ತು. ಅಜ್ಜಿ ಮಾತ್ರ "ಸಾಕು, ಆಫ್ ಮಾಡ್ರೋ" ಅಂದರು.

1918ರಲ್ಲೇ ಟೋಕಿಯೋದ ಕೆಂಜಿ ತಕಾಗಿ ಎಂಬ ಡಾಕ್ಟರ್ ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದ್ದರು. ಆ ಯೋಚನೆ ಹೇಗೆ ಬಂತೋ! 1962ರಲ್ಲಿ ಅವರ ಶಿಷ್ಯ ಮಸಾಕಿ ವತನಾಬೆ ಇದೇ ದಾರಿಯಲ್ಲಿ ಹರಿದ ಮಿನಿಸ್ಕಸ್ಸಿನ ಚೂರನ್ನು ಕತ್ತರಿಸಿ ತೆಗೆದರು.

ಈಗ ಅಮ್ಮನಿಗೂ ಆಸೆ. "ನನಗೂ ಇದನ್ನೇ ಮಾಡಿಸಿಬಿಡಿ, ಎರಡೇ ತೂತು ಅಲ್ವಾ?" ಆದರೆ ಅಮ್ಮನದು ಸವೆತ, ಅದಕ್ಕೆ ಇದು ಮದ್ದಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದ 180 ಜನರ ಮೇಲೆ ನಡೆದ ಪ್ರಯೋಗದ ವರದಿ 2002ರಲ್ಲಿ ಬಂತು. ಕೆಲವರಿಗೆ ನಿಜವಾದ ಆಪರೇಷನ್, ಇನ್ನು ಕೆಲವರಿಗೆ ಚರ್ಮದ ಮೇಲೆ ಸುಮ್ನೆ ಗೀರು. ಎರಡು ವರ್ಷ ಕಳೆದರೂ ಈ ಎರಡು ಗುಂಪಿನವರ ನೋವಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಡಾಕ್ಟರ್ ಕೂಡ ತೊಡೆಗೆ ವ್ಯಾಯಾಮ ಮಾಡಿ, ತೂಕ ಇಳಿಸಿ ಅಂದಿದ್ದಾರೆ.

ಅಮ್ಮ ಮುಖ ಊದಿಸಿಕೊಂಡಿದ್ದಾರೆ. ದಿನಾ ಕಾಲು ಎತ್ತಿ ಇಳಿಸೋದಕ್ಕಿಂತ ಆಪರೇಷನ್ನೇ ಸುಲಭ ಅನ್ನೋದು ಅವರ ವಾದ.